ಎರಡು ಗಡಿಗೆಯ ಊರು, ಒಂದು ಅಗಳಿನ ಲೆಕ್ಕ

ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಗಡಿಗೆಯನ್ನೆಲ್ಲ ಬಸಿಯಬೇಕಾಗಿಲ್ಲ, ಒಂದು ಅಗಳು ಹಿಚುಕಿದರೆ ಸಾಕು. ಚುನಾವಣಾ ಸಮೀಕ್ಷೆ ಮಾಡುವ ಪಂಡಿತರು ತಮ್ಮ ವಿದ್ಯೆಗೆ ಕೊಡುವ ಸಮರ್ಥನೆ ಇದೇ. 2024ರಲ್ಲಿ ತೊಂಬತ್ತಾರು ಕೋಟಿಗೂ ಹೆಚ್ಚು ಮತದಾರರಿದ್ದ ದೇಶದಲ್ಲಿ ಕೆಲವು ಸಾವಿರ ಜನರನ್ನು ಕೇಳಿ ಸರ್ಕಾರ ಯಾರದೆಂದು ಹೇಳಬಹುದಂತೆ. ಇರಲಿ, ಮಾತನ್ನು ಒಪ್ಪೋಣ. ಆದರೆ ಈ ಗಾದೆ ನಿಜವಾಗಬೇಕಾದರೆ ಊರಿನ ಅಕ್ಕಿಯೆಲ್ಲ ಒಂದೇ ಗಡಿಗೆಯಲ್ಲಿ ಬೇಯುತ್ತಿರಬೇಕು. ನಮ್ಮ ಊರುಗಳಲ್ಲಿ ಗಡಿಗೆ ಎರಡು. ಒಂದು ಊರಿನದು, ಇನ್ನೊಂದು ಕೇರಿಯದು. ಊರ ಗಡಿಗೆಯ ಅಗಳು ಹಿಚುಕಿ ಕೇರಿಯ ಗಡಿಗೆಯಲ್ಲಿ ಏನು ಬೇಯುತ್ತಿದೆ ಎಂದು ಹೇಳುವವನು ವಿಜ್ಞಾನಿಯಲ್ಲ, ಕಣಿ ಹೇಳುವವನು.

ಮಳಖೇಡ ದೊಡ್ಡ ಹೆಸರಿನ ಊರು. ರಾಷ್ಟ್ರಕೂಟರ ಮಾನ್ಯಖೇಟ, ನೃಪತುಂಗನ ರಾಜಧಾನಿ. ಓದು ಬರದವರೂ ಈ ನಾಡಿನಲ್ಲಿ ಜಾಣರು ಎಂದು ಸಾವಿರದ ನೂರು ವರ್ಷಗಳಿಗೂ ಹಿಂದೆ ಹೇಳಿಟ್ಟ ಕವಿರಾಜಮಾರ್ಗ ಹುಟ್ಟಿದ್ದು ಇಲ್ಲಿಯ ಆಸ್ಥಾನದಲ್ಲಿ. ಆ ಹೊಗಳಿಕೆಯಲ್ಲಿ ಕಾಗಿಣಾ ದಂಡೆಯ ಹೊಲೆಯ ಮಾದಿಗರನ್ನೂ ಲೆಕ್ಕಕ್ಕೆ ಹಿಡಿದಿದ್ದರೋ ಇಲ್ಲವೋ, ಅದನ್ನು ಪಂಡಿತರೇ ಹೇಳಬೇಕು. ಆದರೆ ಓದು ಬರದ ಜಾಣತನ ಎಂದರೆ ಏನೆಂದು 2024ರ ಜೂನ್ 4ರಂದು ದೇಶದ ಕೇರಿಗಳು ತೋರಿಸಿಕೊಟ್ಟವು.

ಜೂನ್ 1ರ ಸಂಜೆ ಏಳನೆಯ ಹಂತದ ಮತದಾನ ಮುಗಿಯಿತು. ಕಾನೂನಿನ ಪ್ರಕಾರ ಮತಗಟ್ಟೆ ಸಮೀಕ್ಷೆಯನ್ನು ಕೊನೆಯ ಹಂತ ಮುಗಿದು ಅರ್ಧ ಗಂಟೆಯಾಗುವವರೆಗೆ ಹೊರಗೆ ಬಿಡುವಂತಿಲ್ಲ. ಆ ಅರ್ಧ ಗಂಟೆ ಮುಗಿದದ್ದೇ ತಡ, ಟಿವಿಗಳು ಕೂಗತೊಡಗಿದವು. 350, 370, 400! ನಮ್ಮ ರಾಜ್ಯದಲ್ಲಿ ಬಿಜೆಪಿ–ಜನತಾದಳದ ಮೈತ್ರಿಗೆ ಇಪ್ಪತ್ತಕ್ಕೂ ಹೆಚ್ಚು ಸೀಟು ಎಂದು ಬಹಳ ಜನ ಹೇಳಿದರು. ಜೂನ್ 4ರಂದು ಪೆಟ್ಟಿಗೆ ಒಡೆದಾಗ ಬಿಜೆಪಿಗೆ ಸಿಕ್ಕಿದ್ದು 240, ಇಡೀ ಎನ್‌ಡಿಎಗೆ 293. ಕರ್ನಾಟಕದಲ್ಲಿ ಬಿಜೆಪಿ 17, ಜನತಾದಳ 2, ಕಾಂಗ್ರೆಸ್ 9. ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಅಂದರೆ ಹೈದರಾಬಾದ್ ಕರ್ನಾಟಕದ ಐದಕ್ಕೆ ಐದೂ ಕಾಂಗ್ರೆಸ್ಸಿಗೆ ಹೋದವು. 2019ರಲ್ಲಿ ಈ ಐದೂ ಬಿಜೆಪಿಯವು. ಸ್ಟುಡಿಯೋದಲ್ಲಿ ಕೂತು ದೊಡ್ಡ ಸಂಖ್ಯೆ ಹೇಳಿದ್ದ ಒಬ್ಬ ಮಹಾಶಯ ಎಲ್ಲರೆದುರು ಕಣ್ಣೀರು ಹಾಕಿದ್ದನ್ನೂ ದೇಶ ನೋಡಿತು.

ಸಮೀಕ್ಷೆ ಸುಳ್ಳಾಯಿತೆಂದು ನಗುವುದು ಸುಲಭ. 2004ರಲ್ಲಿ 'ಭಾರತ ಪ್ರಕಾಶಿಸುತ್ತಿದೆ' ಎಂದು ಕೂಗಿದವರ ಲೆಕ್ಕವೂ ಹೀಗೆಯೇ ಮಣ್ಣುಗೂಡಿತ್ತು. ಆದರೆ ನನ್ನ ತಕರಾರು ಅದಲ್ಲ, ಗೆಳೆಯರೆ. 2019ರಲ್ಲಿ ಸಮೀಕ್ಷೆಗಳು ಹೆಚ್ಚುಕಡಿಮೆ ಸರಿಯಾಗಿಯೇ ಇದ್ದವು. ಆಗಲೂ ಈ ತಕರಾರು ಇತ್ತು, ಮುಂದೆ ಸರಿಯಾದಾಗಲೂ ಇರುತ್ತದೆ. ಇವರು ಯಾರನ್ನು ಕೇಳುತ್ತಾರೆ? ಏನನ್ನು ಕೇಳುತ್ತಾರೆ? ಯಾರಿಗಾಗಿ ಕೇಳುತ್ತಾರೆ? ಮೂರೇ ಪ್ರಶ್ನೆ.

*

ಯಾರನ್ನು ಕೇಳುತ್ತಾರೆ?

ಕೈಯಲ್ಲಿ ಹಾಳೆಯನ್ನೋ ಮೊಬೈಲನ್ನೋ ಹಿಡಿದ ಹುಡುಗ ಬಸ್ಸಿನಿಂದ ಇಳಿಯುವುದು ಎಲ್ಲಿ? ಬಸ್ ನಿಲ್ದಾಣದ ಮುಂದೆ, ಹೋಟೆಲಿನ ಮುಂದೆ, ಪಂಚಾಯತಿ ಕಟ್ಟೆಯ ಮುಂದೆ. ಅಲ್ಲಿ ಹಗಲು ಹೊತ್ತಿನಲ್ಲಿ ಕೂತಿರುವವರು ಯಾರು? ಕೂಲಿಗೆ ಹೋದವನು ಅಲ್ಲಿರುವುದಿಲ್ಲ. ಸೇಡಂ, ಚಿಂಚೋಳಿ ತಾಲೂಕುಗಳ ಕೇರಿಗಳಿಂದ, ತಾಂಡಾಗಳಿಂದ ಹೈದರಾಬಾದಿಗೆ, ಪುಣೆಗೆ, ಮುಂಬೈಗೆ ಗುಳೆ ಹೋದ ಗಂಡಹೆಂಡಿರು ಅಲ್ಲಿರುವುದಿಲ್ಲ. ಅವರು ಓಟಿನ ಹಿಂದಿನ ದಿನ ಟೆಂಪೋ ಹತ್ತಿ ಬರುತ್ತಾರೆ, ಓಟು ಹಾಕಿ ಮರುದಿನ ಹೋಗುತ್ತಾರೆ. ಅವರ ಬೆರಳಿಗೆ ಮಸಿ ಹತ್ತುತ್ತದೆ, ಅವರ ಮಾತು ಮಾತ್ರ ಯಾರ ಹಾಳೆಗೂ ಹತ್ತುವುದಿಲ್ಲ.

ಒಂದು ವೇಳೆ ಆ ಹುಡುಗ ಕೇರಿಗೇ ಬಂದನೆನ್ನಿ. ಅವನ ಹಿಂದೆ ಊರಿನ ನಾಲ್ಕು ಮಂದಿ ಬರುತ್ತಾರೆ, "ಏನ್ ಕೇಳಾಕತ್ತಾರ ನೋಡೋಣ" ಅಂತ. ಅವರಲ್ಲಿ ಒಬ್ಬ ಹೊಲದ ಒಡೆಯ, ಒಬ್ಬ ಕಂಕಿ ಮಾಲೀಕ, ಒಬ್ಬ ಬಡ್ಡಿಗೆ ಸಾಲ ಕೊಟ್ಟವನು.

"ಯಾರಿಗಿ ಹಾಕ್ತಿ ಓಟ?"

"ನೀವ್ ಹ್ಯಾಂಗ ಹೇಳ್ತೀರಿ ಹಂಗರಿ, ಧಣಿ."

ಹುಡುಗ ಬರೆದುಕೊಳ್ಳುತ್ತಾನೆ. ಪಟ್ಟಣದಲ್ಲಿ ಅದು ಶೇಕಡಾವಾರು ಆಗುತ್ತದೆ. ಸಂಜೆ ಟಿವಿಯಲ್ಲಿ ಬಣ್ಣದ ಕಂಬವಾಗುತ್ತದೆ. ಧಣಿಯ ಓಟು ಒಂದಿದ್ದದ್ದು ಹತ್ತಾಗುತ್ತದೆ!

ಇದನ್ನು ನಮ್ಮವರ ಅಜ್ಞಾನ ಎನ್ನುವವರಿದ್ದಾರೆ. ಅಲ್ಲ. ಓಟು ಗುಟ್ಟಾಗಿರಬೇಕೆಂದು ಈ ದೇಶದ ಕಾನೂನೇ ಹೇಳುತ್ತದೆ. ಹೊಲವಿಲ್ಲದ, ಮನೆಯ ಜಾಗವೂ ತನ್ನದಲ್ಲದ ಮನುಷ್ಯನಿಗೆ ಆ ಪರದೆಯ ಹಿಂದಿನ ಒಂದು ನಿಮಿಷ ಮಾತ್ರ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲದ ನಿಮಿಷ. ಅದನ್ನು ಬೀದಿಯಲ್ಲಿ ನಿಂತು ಯಾರಿಗೋ ಏಕೆ ಒಪ್ಪಿಸಬೇಕು? ಕೇರಿಯವನು ಸಮೀಕ್ಷೆಯವನಿಗೆ ಹೇಳುವ ಸುಳ್ಳು ಅವನ ಆತ್ಮರಕ್ಷಣೆ. ಓದು ಬರದ ಜಾಣತನ ಎಂದರೆ ಇದೇ.

*

ಏನನ್ನು ಕೇಳುತ್ತಾರೆ?

"ಯಾರಿಗೆ ಓಟು? ಪ್ರಧಾನಿ ಯಾರಾಗಬೇಕು?" ಎಂದು ಕೇಳುತ್ತಾರೆ. ಮಳಖೇಡಕ್ಕೆ ಹೋಗಿ ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ. ಈ ನೆಲದ ಅಡಿಯಲ್ಲೆಲ್ಲ ಸುಣ್ಣದ ಕಲ್ಲು. ಶಹಾಬಾದಿನ ಹಾಸುಗಲ್ಲು ದೇಶದ ಎಷ್ಟೋ ಮನೆಗಳ ನೆಲವಾಗಿದೆ. ಮಳಖೇಡ, ಸೇಡಂ, ವಾಡಿಯ ಸಿಮೆಂಟು ದೇಶದ ಸೇತುವೆ, ಮಹಲುಗಳಾಗಿದೆ. ಕಲ್ಲು ಒಡೆದವನ ಮನೆಗೆ ಹಾಸುಗಲ್ಲು ಬಂತೇ? ಧೂಳು ಕುಡಿದವನಿಗೆ ಕಾಯಂ ನೌಕರಿ ಬಂತೇ? ಗುತ್ತಿಗೆ ಕೂಲಿ ಎಂಬ ಹೊಸ ಜೀತಕ್ಕೆ ಕೊನೆ ಎಂದು? 2022ರಲ್ಲಿ ತೊಗರಿಗೆ ನೆಟೆರೋಗ ಬಿದ್ದು ಹೊಲಕ್ಕೆ ಹೊಲವೇ ಒಣಗಿತಲ್ಲ, ಹೊಲದ ಒಡೆಯನ ನಷ್ಟಕ್ಕೆ ಪರಿಹಾರದ ಮಾತಾಯಿತು, ಆ ಹೊಲದ ಕೂಲಿಕಾರಳು ಕಳಕೊಂಡ ಕೂಲಿಗೆ ಪರಿಹಾರ ಯಾರು ಕೊಟ್ಟರು? ನಂಜುಂಡಪ್ಪ ಸಮಿತಿ 2002ರಲ್ಲಿ ಅತಿ ಹಿಂದುಳಿದವೆಂದು ಗುರುತಿಸಿದ 39 ತಾಲೂಕುಗಳಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಇದ್ದವು. ಅಂದಿನಿಂದ ಎಷ್ಟು ಸರ್ಕಾರ ಬಂದು ಹೋದವು?

ಇಂಥ ಪ್ರಶ್ನೆಯನ್ನು ಯಾರೂ ಕೇಳಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. 2024ರ ಚುನಾವಣೆಗೆ ಮುಂಚೆ ಲೋಕನೀತಿ–ಸಿಎಸ್‌ಡಿಎಸ್ ನಡೆಸಿದ ಸಮೀಕ್ಷೆಯಲ್ಲಿ ದೊಡ್ಡ ಸಮಸ್ಯೆ ಯಾವುದೆಂದು ಕೇಳಿದಾಗ ನೂರರಲ್ಲಿ 27 ಜನ ನಿರುದ್ಯೋಗ ಎಂದರು, 23 ಜನ ಬೆಲೆ ಏರಿಕೆ ಎಂದರು. ಅರ್ಧ ದೇಶ ಹೊಟ್ಟೆಯ ಮಾತಾಡಿತು. ಆದರೆ ಟಿವಿಗೆ ಬೇಕಾದದ್ದು ಕುದುರೆ ಜೂಜು. ಯಾವ ಕುದುರೆ ಮುಂದಿದೆ ಅಂತ ಕೂಗಿದರೆ ಜಾಹೀರಾತು ಬರುತ್ತದೆ, ಹೊಟ್ಟೆ ಖಾಲಿ ಅಂದರೆ ಯಾರು ಕೊಡುತ್ತಾರೆ?

*

ಯಾರಿಗಾಗಿ ಕೇಳುತ್ತಾರೆ? ಇದಕ್ಕೆ ಉತ್ತರ ಮೂರೇ ದಿನದಲ್ಲಿ ಸಿಕ್ಕಿತು.

ಜೂನ್ 1 ಶನಿವಾರ. 400ರ ಕೂಗು ಎದ್ದಿತು. ಸೋಮವಾರ ಜೂನ್ 3ರಂದು ಮುಂಬೈ ಷೇರುಪೇಟೆಯ ಸೂಚ್ಯಂಕ ಒಂದೇ ದಿನ 2500 ಅಂಶ ಮೇಲೇರಿತು. ಅದಾನಿ ಕಂಪನಿಗಳ ಷೇರುಗಳು ಹಾರಿದವು. ಮಂಗಳವಾರ ಜೂನ್ 4ರಂದು ನಿಜವಾದ ಎಣಿಕೆ ಹೊರಬಿದ್ದಾಗ ಸೂಚ್ಯಂಕ 4300ಕ್ಕೂ ಹೆಚ್ಚು ಅಂಶ ಕೆಳಗೆ ಬಿತ್ತು. ಸೋಮವಾರ ಮಾರಿದವನು ಗೆದ್ದ, ಸೋಮವಾರ ಕೊಂಡವನು ಮುಳುಗಿದ. ಒಂದು ಸಂಖ್ಯೆ ಕೂಗಿದ್ದಕ್ಕೆ ಲಕ್ಷಾಂತರ ಕೋಟಿ ರೂಪಾಯಿ ಈ ಜೇಬಿನಿಂದ ಆ ಜೇಬಿಗೆ ಹರಿಯಿತು.

ಇದು ದೂರದ ಮುಂಬೈಯ ಸುದ್ದಿ ಎಂದುಕೊಳ್ಳಬೇಡಿ. ವಾಡಿಯ ಎಸಿಸಿ ಕಾರ್ಖಾನೆ 2022ರಲ್ಲಿ ಅದಾನಿ ಸಮೂಹದ ಕೈಗೆ ಬಂತು. ಮಳಖೇಡದ ರಾಜಶ್ರೀ ಬಿರ್ಲಾಗಳ ಅಲ್ಟ್ರಾಟೆಕ್‌ನದು. ಸೇಡಂನ ವಾಸವದತ್ತಾ ಸಿಮೆಂಟ್ ಕೂಡ 2025ರಲ್ಲಿ ಅದೇ ಅಲ್ಟ್ರಾಟೆಕ್ ತೆಕ್ಕೆಗೆ ಹೋಯಿತು. ನಮ್ಮ ಕಾಲಡಿಯ ಕಲ್ಲು ಯಾರ ಷೇರಾಗಿದೆ ಎಂಬುದು ತಿಳಿಯಿತಲ್ಲ? ಆ ಮೂರು ದಿನ ಸಂಖ್ಯೆಗಳು ಆಕಾಶಕ್ಕೆ ಹಾರಿ ಪಾತಾಳಕ್ಕೆ ಬಿದ್ದವು. ವಾಡಿಯ ಗುತ್ತಿಗೆ ಕೂಲಿಯ ದಿನಗೂಲಿ ಮಾತ್ರ ಒಂದು ರೂಪಾಯಿ ಏರಲೂ ಇಲ್ಲ, ಇಳಿಯಲೂ ಇಲ್ಲ.

ಇನ್ನು ಆ 400 ಎಂಬ ಸಂಖ್ಯೆಯ ಕಥೆ. ಪಂಡಿತರ ಲೆಕ್ಕಕ್ಕಿಂತ ಮೊದಲೇ ಅದು ಆಳುವ ಪಕ್ಷದ ಘೋಷಣೆಯಾಗಿತ್ತು. 400 ಯಾಕೆ ಬೇಕು ಎಂಬುದನ್ನು ನಮ್ಮದೇ ರಾಜ್ಯದ ಉತ್ತರ ಕನ್ನಡದ ಸಂಸದ ಅನಂತಕುಮಾರ ಹೆಗಡೆ 2024ರ ಮಾರ್ಚಿನಲ್ಲಿ ಬಾಯಿ ಬಿಟ್ಟು ಹೇಳಿದರು. ಸಂವಿಧಾನ ಬದಲಿಸಲು! ಅದು ಅವರ ಸ್ವಂತ ಅಭಿಪ್ರಾಯ ಎಂದು ಪಕ್ಷ ಕೈತೊಳೆದುಕೊಂಡಿತು, ಟಿಕೆಟ್ಟನ್ನೂ ಕೊಡಲಿಲ್ಲ. ಆದರೆ ಬಂದ ಮಾತು ಬಂದೇ ಬಿಟ್ಟಿತ್ತು. ಊರಿನವನಿಗೆ 400 ಎಂದರೆ ಜಯಘೋಷ, ಕೇರಿಯವನಿಗೆ 400 ಎಂದರೆ ಬೆದರಿಕೆ. ಅದೇ ಸಂಖ್ಯೆ, ಎರಡು ಗಡಿಗೆ. ಟಿವಿ ಎಷ್ಟು ಗಟ್ಟಿಯಾಗಿ ಕೂಗಿತೋ ಕೇರಿ ಅಷ್ಟು ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡಿತು. ಬಾಬಾಸಾಹೇಬರ ಪುಸ್ತಕಕ್ಕೆ ಕೈ ಹಾಕುತ್ತಾರೆ ಎಂಬ ಮಾತು ಬಾಯಿಂದ ಬಾಯಿಗೆ ಹೋಯಿತು. ಇದನ್ನು ಹಿಡಿಯುವ ಪ್ರಶ್ನೆ ಯಾವ ಹಾಳೆಯಲ್ಲಿತ್ತು?

*

ಸಮೀಕ್ಷೆಯ ಅಣ್ಣನೇ ಮೈತ್ರಿಯ ಲೆಕ್ಕ. ಒಬ್ಬ ನಮ್ಮನ್ನು ಎಣಿಸಿಕೊಡುತ್ತಾನೆ, ಇನ್ನೊಬ್ಬ ಆ ಎಣಿಕೆ ಹಿಡಿದು ವ್ಯಾಪಾರಕ್ಕೆ ಕೂರುತ್ತಾನೆ.

2018ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ನೂರಕ್ಕೆ 38, ಜನತಾದಳಕ್ಕೆ 18 ಓಟು ಬಿದ್ದಿತ್ತು. ಕೂಡಿಸಿದರೆ 56. ಇನ್ನೇನು ಬೇಕು? 2019ರಲ್ಲಿ ಇಬ್ಬರೂ ಕೂಡಿ ನಿಂತರು. 28ರಲ್ಲಿ ಗೆದ್ದದ್ದು ಎರಡು, ಆ ಕಡೆ ಒಂದು, ಈ ಕಡೆ ಒಂದು. ಮೇಲೆ ಕೈ ಕೈ ಹಿಡಿದವರ ಕೆಳಗೆ ಊರೂರಿನಲ್ಲಿ ಕಾರ್ಯಕರ್ತರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಓಟು ಎಂದರೆ ಡಬ್ಬಿಯಲ್ಲಿ ತುಂಬಿಟ್ಟ ಎಣ್ಣೆಯಲ್ಲ, ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಸುರಿಯಲು. ಅದೇ ಜನತಾದಳ 2023ರ ಸೆಪ್ಟೆಂಬರಿನಲ್ಲಿ ಮನೆ ಬದಲಿಸಿ ಬಿಜೆಪಿಯ ಕೈ ಹಿಡಿಯಿತು. ಆಗಲೂ ಅದೇ ಕೂಡಿಸುವ ಲೆಕ್ಕ. ಉತ್ತರವನ್ನು ಹೈದರಾಬಾದ್ ಕರ್ನಾಟಕದ ಐದು ಸೀಟುಗಳು ಕೊಟ್ಟವು.

ಕಲಬುರಗಿಯ ಮಾತನ್ನೇ ತೆಗೆದುಕೊಳ್ಳಿ. 1980ರಲ್ಲಿ ಗೆದ್ದಿದ್ದ ಧರಂ ಸಿಂಗ್ ರಾಜೀನಾಮೆ ಕೊಟ್ಟು, ಕೇರಳದ ಸಿ.ಎಂ. ಸ್ಟೀಫನ್ ಅವರಿಗೆ ಈ ಕ್ಷೇತ್ರ ಬಿಟ್ಟುಕೊಟ್ಟರು. ದಿಲ್ಲಿಗೆ ಬೇಕಾದವರನ್ನು ಗೆಲ್ಲಿಸಿ ಕಳಿಸುವ ಭದ್ರ ಕೋಟೆ ಎಂದರೆ ಇದು! 2009ರಿಂದ ಕಲಬುರಗಿ ಪರಿಶಿಷ್ಟ ಜಾತಿಗೆ ಮೀಸಲಾಯಿತು, ಅಲ್ಲಿಯವರೆಗೆ ಮೀಸಲಾಗಿದ್ದ ಬೀದರ್ ಸಾಮಾನ್ಯವಾಯಿತು. ಮಳಖೇಡದ ಕೇರಿ ಕಲಬುರಗಿಗೆ ಓಟು ಹಾಕುತ್ತದೆ, ಚಿಂಚೋಳಿಯ ಕೇರಿ ಬೀದರಿಗೆ. ಹಸಿವು ಒಂದೇ, ಕ್ಷೇತ್ರ ಎರಡು.

ಮೀಸಲು ಕ್ಷೇತ್ರದಲ್ಲಿ ನಿಲ್ಲುವವರೆಲ್ಲ ನಮ್ಮವರೇ, ಗೆಲ್ಲಿಸುವವರು ಮಾತ್ರ ನಾವಲ್ಲ. 2011ರ ಜನಗಣತಿಯಂತೆ ಕಲಬುರಗಿ ಜಿಲ್ಲೆಯ ನೂರು ಜನರಲ್ಲಿ ಪರಿಶಿಷ್ಟ ಜಾತಿಯವರು ಸುಮಾರು 25. ಉಳಿದ 75ರಲ್ಲಿ ಹೆಚ್ಚು ಪಾಲು ಯಾರ ಕಡೆಗೋ ಅವನು ಸಂಸದ. 1932ರ ಪುಣೆ ಒಪ್ಪಂದದಲ್ಲಿ ಬಾಬಾಸಾಹೇಬರ ಕೈ ಕಟ್ಟಿ ಬರೆಸಿಕೊಂಡದ್ದು ಇದನ್ನೇ. ಅದಕ್ಕೇ ಇಲ್ಲಿ ಮೈತ್ರಿ ಕಟ್ಟುವವರು ಮೊದಲು ಕೇಳುವುದು ಲಿಂಗಾಯತರ ಒಲವು ಯಾವ ಕಡೆ, ಕೋಲಿ ಕಬ್ಬಲಿಗರು ಯಾವ ಕಡೆ, ಮುಸಲ್ಮಾನರು ಯಾವ ಕಡೆ ಎಂದು. ನಮ್ಮದನ್ನು ಕೇಳುವುದಿಲ್ಲ, ಭಾಗಿಸುತ್ತಾರೆ. ಬಲಗೈ ಎಷ್ಟು, ಎಡಗೈ ಎಷ್ಟು, ಲಂಬಾಣಿ ಎಷ್ಟು. 2019ರಲ್ಲಿ ಚಿಂಚೋಳಿಯ ಕಾಂಗ್ರೆಸ್ ಶಾಸಕ ಉಮೇಶ ಜಾಧವರನ್ನು ಕರೆದುಕೊಂಡು ಬಿಜೆಪಿ ಕಲಬುರಗಿಯಲ್ಲಿ ನಿಲ್ಲಿಸಿದ್ದು ಈ ಭಾಗಾಕಾರದಿಂದಲೇ. ಖರ್ಗೆ 95,452 ಓಟಿನಿಂದ ಸೋತರು. ಜಾಧವರೂ ನಮ್ಮ ಪಟ್ಟಿಯವರೇ. ತಾಂಡಾದವನ ಸಿಟ್ಟೂ ಸುಳ್ಳಲ್ಲ. ಆದರೆ ಸೋತದ್ದೂ ಗೆದ್ದದ್ದೂ ನಮ್ಮೊಳಗೇ ಆಗಿ, ತಕ್ಕಡಿ ಮಾತ್ರ ಬೇರೆಯವರ ಕೈಯಲ್ಲಿ ಉಳಿಯಿತು. 2024ರಲ್ಲಿ ಖರ್ಗೆಯವರ ಅಳಿಯ ರಾಧಾಕೃಷ್ಣ ದೊಡ್ಡಮನಿ 27,205 ಓಟಿನಿಂದ ಗೆದ್ದರು. ಮಾವ ಸೋತ ಕ್ಷೇತ್ರವನ್ನು ಅಳಿಯ ಗೆದ್ದುಕೊಟ್ಟರು. ನಮ್ಮ ಕೇರಿಗಳಲ್ಲಿ ಬೇರೆ ಮನೆಗಳೂ ಇವೆ ಎಂಬುದು ಪಕ್ಷಕ್ಕೆ ಯಾವಾಗ ನೆನಪಾಗುತ್ತದೋ!

*

ಈಗ ದೊಡ್ಡ ಮಾತಿಗೆ ಬರೋಣ. 2023ರ ಡಿಸೆಂಬರ್ 19, ದಿಲ್ಲಿಯಲ್ಲಿ ಇಂಡಿಯಾ ಕೂಟದ ನಾಲ್ಕನೆಯ ಸಭೆ. ಮಲ್ಲಿಕಾರ್ಜುನ ಖರ್ಗೆಯವರು ಪ್ರಧಾನಿ ಅಭ್ಯರ್ಥಿಯಾಗಲಿ ಎಂದು ಮಮತಾ ಬ್ಯಾನರ್ಜಿ ಹೇಳಿದರು, ಕೇಜ್ರಿವಾಲ್ ಹೂಂ ಅಂದರು. ಮೊದಲು ಗೆಲ್ಲೋಣ, ಆಮೇಲೆ ನೋಡೋಣ ಎಂದು ಖರ್ಗೆಯವರೇ ಬದಿಗೆ ಸರಿಸಿದರು. ಆ ರಾತ್ರಿ ಕಲಬುರಗಿ ಜಿಲ್ಲೆಯ ಕೇರಿಗಳಲ್ಲಿ ಎಷ್ಟು ಎದೆಗಳು ಉಬ್ಬಿದವೋ! ಅದನ್ನು ನಾನು ಗೇಲಿ ಮಾಡುವುದಿಲ್ಲ. ರಜಾಕಾರರ ಹಾವಳಿಯಲ್ಲಿ ಮನೆ ಸುಟ್ಟು, ತಾಯಿಯನ್ನು ಕಳಕೊಂಡ ಮಗು ಗುರುಮಠಕಲ್ಲಿನಿಂದ, ಚಿತ್ತಾಪುರದಿಂದ ಸತತ ಒಂಬತ್ತು ಸಲ ಶಾಸಕನಾಗಿ, ಎಐಸಿಸಿ ಅಧ್ಯಕ್ಷನಾದದ್ದು ಸಣ್ಣ ಮಾತಲ್ಲ.

ಆದರೆ ಈ ನಾಟಕ ನಾವು ಮೊದಲೇ ನೋಡಿದ್ದೇವೆ. 1977ರಲ್ಲಿ ಜಗಜೀವನ ರಾಮ್ ಕಾಂಗ್ರೆಸ್ ಬಿಟ್ಟು ಬಂದದ್ದರಿಂದ ಜನತಾ ಕೂಟಕ್ಕೆ ಬಲ ಬಂತು. ಕುರ್ಚಿ ಮೊರಾರ್ಜಿಗೆ ಹೋಯಿತು. 1979ರಲ್ಲಿ ಮೊರಾರ್ಜಿ ಬಿದ್ದರು, ಕುರ್ಚಿ ಚರಣ್ ಸಿಂಗರಿಗೆ ಹೋಯಿತು. ಅವರೂ ಬಿದ್ದರು. ಆಗ ಜಗಜೀವನ ರಾಮರನ್ನು ಕರೆಯಬಹುದಿತ್ತು, ರಾಷ್ಟ್ರಪತಿ ಸಂಜೀವ ರೆಡ್ಡಿ ಲೋಕಸಭೆಯನ್ನೇ ವಿಸರ್ಜಿಸಿದರು. 1980ರ ಚುನಾವಣೆಗೆ, ಮನೆ ಕುಸಿದ ಮೇಲೆ, ಜನತಾ ಪಕ್ಷ ಅವರ ಹೆಸರು ಮುಂದೆ ಮಾಡಿತು. ಬಂದದ್ದು 31 ಸೀಟು. ದಲಿತನ ಹೆಸರು ಗೆಲ್ಲುವ ಹೊತ್ತಿನಲ್ಲಿ ಮರೆಯಾಗುತ್ತದೆ, ಸೋಲುವ ಹೊತ್ತಿನಲ್ಲಿ ನೆನಪಾಗುತ್ತದೆ.

ಪ್ರಧಾನಿ ಯಾರೆಂಬುದು ಮುಖ್ಯವೇ. ಅದಕ್ಕಿಂತ ಮುಖ್ಯ, ಕೂಟ ಕಟ್ಟುವ ಮೇಜಿನ ಮೇಲೆ ಕೇರಿಯ ಯಾವ ಬೇಡಿಕೆ ಇತ್ತು ಎಂಬುದು. 2024ರಲ್ಲಿ ತೆಲುಗು ದೇಶಂಗೆ 16, ನಿತೀಶರ ಜೆಡಿಯುಗೆ 12 ಸೀಟು ಬಂದವು. ಅದರ ಬಲದಿಂದ ಜುಲೈ ಬಜೆಟ್ಟಿನಲ್ಲಿ ಅಮರಾವತಿಗೆ 15,000 ಕೋಟಿ ರೂಪಾಯಿಯ ಏರ್ಪಾಟಾಯಿತು, ಬಿಹಾರಕ್ಕೆ ರಸ್ತೆ ಸೇತುವೆಗಳು ಬಂದವು. ಅವರು ಸೀಟು ಮುಂದಿಟ್ಟು ಚೌಕಾಶಿ ಮಾಡಿದರು. ಲೋಕಸಭೆಯಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾದ ಸೀಟುಗಳು 84. ಎಂಬತ್ತನಾಲ್ಕು! ಹದಿನಾರು ಸೀಟಿನವನು ರಾಜಧಾನಿ ಕಟ್ಟಿಸಿಕೊಂಡ. ನಮ್ಮ ಎಂಬತ್ತನಾಲ್ಕು ಮಂದಿ ಏನು ಕಟ್ಟಿಸಿದರು? ಅವರು ನಮ್ಮವರಾಗಿ ಗೆಲ್ಲುವುದಿಲ್ಲ, ಪಕ್ಷದವರಾಗಿ ಗೆಲ್ಲುತ್ತಾರೆ. ಅಲ್ಲಿಗೆ ಲೆಕ್ಕ ಮುಗಿಯಿತು.

ನಾವು ಓಟು ಹಾಕಿದವರಾದರೂ ಏನು ಮಾಡಿದರು? ಪರಿಶಿಷ್ಟರ ಉಪಯೋಜನೆಯ ಹಣ ಬೇರೆ ಕಡೆ ಹೋಗಬಾರದೆಂದು 2013ರಲ್ಲಿ ಕಾಯ್ದೆ ಮಾಡಿದವರು ಸಿದ್ದರಾಮಯ್ಯನವರೇ. ಅವರದೇ ಸರ್ಕಾರ 2023–24ರಲ್ಲಿ ಆ ಹಣದಿಂದ 11,144 ಕೋಟಿಯನ್ನು, 2024–25ರಲ್ಲಿ 14,282 ಕೋಟಿಯನ್ನು ಗ್ಯಾರಂಟಿ ಯೋಜನೆಗಳಿಗೆ ತಿರುಗಿಸಿತು. ಗ್ಯಾರಂಟಿಯ ಲಾಭ ದಲಿತರಿಗೂ ಸಿಗುತ್ತದಲ್ಲ ಎನ್ನುತ್ತಾರೆ. ಸಿಗುತ್ತದೆ. ನಮ್ಮ ಅವ್ವಂದಿರ ಕೈಗೆ ಎರಡು ಸಾವಿರ ಬರುತ್ತದೆ, ಬಸ್ಸು ಪುಕ್ಕಟೆ, ಬೇಡ ಎನ್ನುವವನು ಮೂರ್ಖ. ಆದರೆ ಅದು ಎಲ್ಲ ಬಡವರಿಗೂ ಕೊಡುವ ಹಣ, ಎಲ್ಲರ ಬೊಕ್ಕಸದಿಂದ ಕೊಡಬೇಕು. ನಮ್ಮ ಹೊಲಕ್ಕೆ, ಬಾವಿಗೆ, ಹಾಸ್ಟೆಲ್ಲಿಗೆ ಅಂತ ತೆಗೆದಿಟ್ಟದ್ದನ್ನು ತೆಗೆದು ನಮಗೇ ಹಂಚಿ ದಾನಿ ಎನಿಸಿಕೊಳ್ಳುವುದು ಯಾವ ನ್ಯಾಯ? ಸಂವಿಧಾನ ಉಳಿಸುತ್ತೇವೆ ಎಂದು ಓಟು ಕೇಳಿದವರೇ ತಾವು ಮಾಡಿದ ಕಾಯ್ದೆಯನ್ನು ಉಳಿಸಲಿಲ್ಲ. ನಮ್ಮ ಗುಟ್ಟಿನ ಓಟನ್ನು ಯಾವ ಸಮೀಕ್ಷೆಯೂ ಕಂಡುಹಿಡಿಯಲಿಲ್ಲ ನಿಜ. ಗೆದ್ದವರು ಮಾತ್ರ ಅದನ್ನು ಪುಕ್ಕಟೆ ಸಿಕ್ಕಿದ್ದೆಂದು ತಿಳಿದುಕೊಂಡರು.

*

ಹಾಗಾದರೆ ಎಣಿಕೆಯೇ ಬೇಡವೇ? ಬೇಕು. ಯಾವ ಎಣಿಕೆ ಎಂಬುದು ಪ್ರಶ್ನೆ. ಎಷ್ಟು ಜನಕ್ಕೆ ಹೊಲವಿಲ್ಲ, ಎಷ್ಟು ಜನ ಗುತ್ತಿಗೆ ಕೂಲಿ, ಎಷ್ಟು ಹುಡುಗಿಯರು ಏಳನೆಯ ಇಯತ್ತೆಗೆ ಶಾಲೆ ಬಿಟ್ಟರು, ಅದನ್ನು ಎಣಿಸಿ. ಮತದಾರರ ಪಟ್ಟಿಯನ್ನು ಎಣಿಸಿ. ನಮ್ಮ ಜಿಲ್ಲೆಯ ಆಳಂದದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮುಂಚೆ 6,018 ಹೆಸರು ಅಳಿಸಿ ಎಂದು ಅರ್ಜಿ ಹೋಗಿದ್ದವು. ಪರಿಶೀಲಿಸಿದಾಗ ಸರಿಯಾದವು 24. ಓಟು ಯಾರಿಗೆ ಎಂದು ಕೇಳುವವರು ಒಂದು ಕಡೆ, ಓಟೇ ಇಲ್ಲದಂತೆ ಮಾಡಲು ಹೊರಟವರು ಇನ್ನೊಂದು ಕಡೆ.

ಮತ್ತೆ, ಈ ಭಾಗಕ್ಕೆ ದೊಡ್ಡದೇನಾದರೂ ಬಂದಿದ್ದರೆ ಅದು 371 ಜೆ. ಚಿಂಚೋಳಿಯ ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಬೀದಿಯಲ್ಲಿ ನಿಂತು ಹೋರಾಡಿದರು, ಖರ್ಗೆ, ಧರಂ ಸಿಂಗ್ ದಿಲ್ಲಿಯಲ್ಲಿ ಒತ್ತಿದರು, 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿತು. ಅದು ಸಮೀಕ್ಷೆಯಿಂದ ಬಂದದ್ದಲ್ಲ. ಬೇಡಿಕೆ ಮೊದಲು, ಓಟು ಆಮೇಲೆ ಎಂಬ ಹಟದಿಂದ ಬಂದದ್ದು.

ಆದ್ದರಿಂದ ಗೆಳೆಯರೆ, ಮುಂದಿನ ಲೋಕಸಭಾ ಚುನಾವಣೆಯ ಮೈತ್ರಿಗಳು ಕಟ್ಟುವ ಮೊದಲೇ ನಮ್ಮ ಸಮೀಕ್ಷೆಯನ್ನು ನಾವು ಮಾಡೋಣ. ಹೊಲೆಯ, ಮಾದಿಗ, ಲಂಬಾಣಿ, ಭೋವಿ, ಅಲೆಮಾರಿ ಎಂದು ಅವರು ಭಾಗಿಸುವ ಮುಂಚೆ ನಾವೇ ಒಂದು ಜಗಲಿಯಲ್ಲಿ ಕೂಡೋಣ. ಒಳಮೀಸಲಾತಿಯ ಜಗಳವನ್ನು ಮನೆಯೊಳಗೆ ನ್ಯಾಯವಾಗಿ ಮುಗಿಸಿಕೊಂಡು, ಹೊರಗೆ ಒಂದು ಕಾಗದ ಹಿಡಿದು ನಿಲ್ಲೋಣ. ಉಪಯೋಜನೆಯ ಹಣ ಮುಟ್ಟಬಾರದು. ಸಿಮೆಂಟು ಕಾರ್ಖಾನೆಯ ಗುತ್ತಿಗೆ ಕೂಲಿ ಕಾಯಂ ಆಗಬೇಕು. ಗುಳೆ ಹೋದವನ ಹೆಸರು ಪಟ್ಟಿಯಿಂದ ಹೋಗಬಾರದು. ಭೂಮಿಯಿಲ್ಲದ ಮನೆಗೆ ಭೂಮಿ. ಇದಕ್ಕೆ ಸಹಿ ಹಾಕದೆ ಕೇರಿಯೊಳಗೆ ಯಾವ ಬಾವುಟವೂ ಬರಕೂಡದು, ಅದು ಯಾವ ಬಣ್ಣದ್ದೇ ಇರಲಿ.

ಮತ್ತೆ ಆ ಹುಡುಗ ಹಾಳೆ ಹಿಡಿದು ಬಂದರೆ ಅವನನ್ನು ಬೈಯಬೇಡಿ, ಅವನೂ ದಿನಗೂಲಿಯವನೇ. ನೀರು ಕೊಟ್ಟು ಕೂಡಿಸಿ. "ಯಾರಿಗಿ ಹಾಕ್ತಿ ಓಟ?" ಅಂದರೆ, "ಅದು ಇರಲಿ ತಮ್ಮಾ, ನಮ್ಮ ಕಾಗದದ ಮ್ಯಾಲ ಯಾರ ಸಹಿ ಅದ, ಮೊದಲ ಅದು ಬರಕೋ" ಅನ್ನಿ.